ಸ್ಟ್ರಿಂಗಿನ ವೇಗವೂ ಕನ್ನಡದ ಅಕ್ಷರವೂ

(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾಡಹಬ್ಬದ ವೇದಿಕೆಯಲ್ಲಿ ಕಂಪ್ಯೂಟರಿನ ಮಾತೇಕೆಂದು ಕೆಲವರಿಗೆ ಅನ್ನಿಸಬಹುದು. ನಾಡಿನಿಂದ ದೂರವಿರುವ ನಮ್ಮಲ್ಲಿ ಅನೇಕರು ಈಗ ಕನ್ನಡವನ್ನು ಓದುವುದೂ ಬರೆಯುವುದೂ ಆ ಯಂತ್ರದ ಮೂಲಕವೇ. ಆದುದರಿಂದ ಅದರೊಳಗೆ ನಮ್ಮ ಅಕ್ಷರಕ್ಕೆ ಎಂತಹ ಸ್ಥಾನವಿದೆಯೆಂಬುದನ್ನು ನಾವು ಅರಿತಿರಬೇಕು.

ಪ್ರೋಗ್ರಾಮಿನಲ್ಲಿ ಬರಹದ ತುಣುಕಿಗೆ ಸ್ಟ್ರಿಂಗ್ ಎಂದು ಹೆಸರು. ಅದನ್ನಿಡುವ ಜಾಗದ ಅಳತೆ ಬೈಟ್. ಅಳಗುಳಿಮಣೆಯ ಒಂದು ಗುಳಿಯೆನ್ನಿ. 'ಮಲ್ಲಿಕಾರ್ಜುನ' ಎಂಬ ಹೆಸರು ನಮ್ಮ ಕಣ್ಣಿಗೆ ಐದಕ್ಷರ. ಯೂನಿಕೋಡ್ ಪದ್ಧತಿಯು ವ್ಯಂಜನ, ಗುಣಿತದ ಚಿಹ್ನೆ, ಹಲಂತ ಚಿಹ್ನೆಗಳನ್ನು ಬಿಡಿಬಿಡಿಯಾಗಿ ಎಣಿಸುವುದರಿಂದ ಅದು ೧೨ ಸಂಕೇತಗಳಾಗುತ್ತದೆ. ಯುಟಿಎಫ್-೧೬ ಕ್ರಮದಲ್ಲಿ ಅದಕ್ಕೆ ೨೪ ಬೈಟ್ ಬೇಕು; ಯುಟಿಎಫ್-೮ ಕ್ರಮದಲ್ಲಿ ೩೬. ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಯುಟಿಎಫ್-೮ರಲ್ಲಿ ೧೨ ಬೈಟೇ ಸಾಕು.

ಯಾವ ಕ್ರಮ ಲೇಸೆಂಬುದೇ ಪ್ರೋಗ್ರಾಮಿಂಗ್ ಭಾಷೆಗಳನ್ನು ರೂಪಿಸುವವರ ವಾದ. ಯುಟಿಎಫ್-೮ರ ಪಕ್ಷದವರು, ಅಂತರಜಾಲದ ಬರಹವೆಲ್ಲ ಬಹುಮಟ್ಟಿಗೆ ಅದರಲ್ಲೇ ಇರುವುದರಿಂದ ಮಾರ್ಪಡಿಸುವ ಶ್ರಮ ಉಳಿಯುತ್ತದೆನ್ನುತ್ತಾರೆ. ಎದುರು ಪಕ್ಷದವರು, ಅದರಲ್ಲಿ ನೂರನೆಯ ಸಂಕೇತವನ್ನು ಹುಡುಕಲು ಮೊದಲಿನಿಂದ ಎಣಿಸಿಕೊಂಡು ಬರಬೇಕೆನ್ನುತ್ತಾರೆ. ೨೦೧೨ರಲ್ಲಿ ಬಂದ ಪೈಥಾನ್ ೩.೩, ಸ್ಟ್ರಿಂಗಿನಲ್ಲಿರುವ ಅತಿ ದೊಡ್ಡ ಸಂಕೇತವನ್ನು ನೋಡಿ ಪ್ರತಿಯೊಂದಕ್ಕೂ ಒಂದು, ಎರಡು ಅಥವಾ ನಾಲ್ಕು ಬೈಟ್ ಕೊಟ್ಟಿತು. ೨೦೧೭ರ ಜಾವಾ ೯, ಇಂಗ್ಲಿಷ್ ಮೊದಲಾದ ಲ್ಯಾಟಿನ್ ಬರಹಕ್ಕೆ ಜಾಗವನ್ನು ಅರ್ಧಕ್ಕಿಳಿಸಿತು. ಕನ್ನಡಕ್ಕೆ ಮೊದಲಿನಂತೆ ಎರಡೇ. ೨೦೧೯ರ ಸ್ವಿಫ್ಟ್ ೫ ಯುಟಿಎಫ್-೮ಕ್ಕೆ ಬದಲಾಯಿತು.

ಇದರಲ್ಲಿ ಯಾರ ದ್ವೇಷವೂ ಇಲ್ಲ. ಕನ್ನಡದ ಜಾಲಪುಟದಲ್ಲೂ ಕಾಣದ ಗುರುತುಗಳೆಲ್ಲ ಲ್ಯಾಟಿನ್ ಅಕ್ಷರಗಳೇ ಆದುದರಿಂದ, ಯುಟಿಎಫ್-೮ರಿಂದ ನಮಗಾಗುವ ನಷ್ಟ ಮೇಲಿನ ಲೆಕ್ಕದಲ್ಲಿ ಕಂಡಷ್ಟಿಲ್ಲ. ಕಷ್ಟವಿರುವುದು ಬೇರೆಡೆ. ಹೆಸರಿನ ಅಂಕಣಕ್ಕೆ ೩೦ ಬೈಟ್ ಸಾಕೆಂದು ಒಬ್ಬ ಎಂಜಿನಿಯರ್ ಮಿತಿ ಹಾಕಿದನೆನ್ನಿ. ಇಂಗ್ಲಿಷ್ ಹೆಸರು ಸಲೀಸಾಗಿ ಹಿಡಿಸುತ್ತದೆ. ಯುಟಿಎಫ್-೮ರಲ್ಲಿರುವ ನಮ್ಮ ಮಲ್ಲಿಕಾರ್ಜುನ 'ಮಲ್ಲಿಕಾರ್ಜ' ಆಗಿ ನಿಲ್ಲುತ್ತಾನೆ. ಕೊಂಬು ಹೋಯಿತು, ನಕಾರ ಹೋಯಿತು. ವೇಗವೇನೋ ಉಳಿಯಿತು; ಮನುಷ್ಯನ ಹೆಸರೇ ಉಳಿಯಲಿಲ್ಲ!

ಇಲ್ಲಿ ಕುಳಿತಿರುವ ತಂದೆತಾಯಂದಿರಲ್ಲಿ ಅನೇಕರ ಮಕ್ಕಳು ಈ ಉದ್ಯೋಗದಲ್ಲಿದ್ದಾರೆ. ಅವರಲ್ಲಿ ನನ್ನದೊಂದು ಅರಿಕೆ. ನೀವು ಬರೆದ ಪ್ರೋಗ್ರಾಮನ್ನು ಪರೀಕ್ಷಿಸುವಾಗ, ವೇಗವನ್ನು ಅಳೆಯುವಾಗ, ಒತ್ತು ಕೊಂಬುಗಳುಳ್ಳ ನಾಲ್ಕು ಕನ್ನಡ ಹೆಸರುಗಳನ್ನೂ ಅದಕ್ಕೆ ಕೊಟ್ಟು ನೋಡಿ. ಉದ್ದವೆಂದರೆ ಬೈಟೋ, ಸಂಕೇತವೋ, ಓದುಗನ ಅಕ್ಷರವೋ ಎಂದು ಮೊದಲೇ ಕೇಳಿ. ಇಂಗ್ಲಿಷಿನಲ್ಲಿ ಮಾತ್ರ ಅಳೆದ ವೇಗ ಇಂಗ್ಲಿಷಿನ ವೇಗವೇ ಹೊರತು ಎಲ್ಲರದಲ್ಲ. ವಾದ ನಡೆಯುವಲ್ಲಿ ಕನ್ನಡದ ಉದಾಹರಣೆ ಇಡಬಲ್ಲವರು ಕನ್ನಡ ಬಲ್ಲವರೇ. ಬೇರೆಯವರು ಇಟ್ಟಾರೆಂದು ಕಾಯುವುದು ಸಲ್ಲದು.