ಹಲಸಿನ ಹಣ್ಣು: ಆರಿಸುವ ಬಗೆ, ಬಿಡಿಸುವ ಬಗೆ



ಹಿತ್ತಲ ಹಲಸಿನ ಮರಕ್ಕೆ ನಾವು ನೀರು ಹೊರುವುದೂ ಇಲ್ಲ, ಗೊಬ್ಬರ ಹಾಕುವುದೂ ಇಲ್ಲ. ಆದರೂ ಅದು ಬುಡದಿಂದ ಕೊಂಬೆಯ ತನಕ ಕಾಯಿ ಬಿಡುತ್ತದೆ. ಅಂಥ ಹಣ್ಣು ಎಷ್ಟೋ ಮನೆಗಳಲ್ಲಿ ಬಿದ್ದು ಒಡೆದು ನೊಣದ ಪಾಲಾಗುತ್ತದೆ. ಕೇಳಿದರೆ, "ಯಾವಾಗ ಕೀಳಬೇಕೋ ಗೊತ್ತಾಗೋಲ್ಲ, ಬಿಡಿಸೋಕೆ ಮೇಣದ ಕಾಟ" ಎನ್ನುತ್ತೀರಿ. ಈ ಎರಡು ಮಾತಿಗೂ ಇಂದು ಉತ್ತರ ಹೇಳುತ್ತೇನೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ತುಮಕೂರು ಕಡೆಯ ಒಂದು ಹಳ್ಳಿಯ ಮನೆಯಲ್ಲಿ, ಹೆರಿಗೆಗೆ ಬರುವ ಮಗಳಿಗೆಂದು ಒಂದು ಕಾಯಿಯನ್ನು ಮರದಲ್ಲೇ ಕಾದಿಟ್ಟಿದ್ದರು. ಅದರ ಗಾತ್ರ ನೋಡಿ, "ಇದು ಬೆಳೆದಿದೆ, ಕೀಳಿ" ಎಂದೆ. ಕೊಯ್ದು ನೋಡಿದರೆ ಒಳಗೆಲ್ಲ ಬಿಳಿ, ಮೇಣವೋ ಮೇಣ! ಮೇಲೆ, ಎಣ್ಣೆಗೈಯಲ್ಲೇ ಚಾಕು ಹಿಡಿದು ಹೆಬ್ಬೆರಳನ್ನೂ ಕೊಯ್ದುಕೊಂಡೆ. ಆ ಮನೆಯ ಅಜ್ಜಿ ಬಟ್ಟೆ ಕಟ್ಟುತ್ತಾ, "ಬಿಡಿ ಸ್ವಾಮಿ, ಹಣ್ಣಾಗದಿದ್ರೆ ಹುಳಿಗಾಯ್ತು. ಮುಂದಕ್ಕೆ ಕಾಯಿ ದಪ್ಪ ನೋಡಬೇಡಿ, ಮುಳ್ಳು ನೋಡಿ" ಎಂದರು. ಡಿಪ್ಲೊಮಾದಲ್ಲಿ ಕಲಿಯದ್ದನ್ನು ಅಂದು ಕಲಿತೆ.

ಬೆಳೆದ ಕಾಯಿಯ ಗುರುತುಗಳು ಇವು. ಎಳೆಯದರಲ್ಲಿ ಮುಳ್ಳು ಚೂಪಾಗಿ ಒತ್ತೊತ್ತಾಗಿರುತ್ತದೆ. ಬೆಳೆದಾಗ ಮುಳ್ಳು ಅಗಲವಾಗಿ, ಮೊಂಡಾಗಿ, ನಡುವೆ ಜಾಗ ಬಿಡುತ್ತದೆ. ಕಡುಹಸಿರು ಬಣ್ಣ ಹಳದಿಗೆ ತಿರುಗುತ್ತದೆ. ತೊಟ್ಟಿನ ಬಳಿಯ ಎಲೆ ಹಣ್ಣಾಗುತ್ತದೆ. ಬೆರಳಿನಿಂದ ತಟ್ಟಿದರೆ ಎಳೆಯದು ಗಟ್ಟಿ ಸದ್ದು ಕೊಡುತ್ತದೆ, ಬೆಳೆದದ್ದು ಡೊಬ್ ಡೊಬ್ ಎನ್ನುತ್ತದೆ. ಒಂದೇ ಗುರುತನ್ನು ನಂಬಬೇಡಿ. ಎರಡು ಮೂರು ಕೂಡಿದರೆ ಕೀಳಿ. ಮೇಲಿನ ಕಾಯನ್ನು ಕೆಡವಬೇಡಿ; ತೊಟ್ಟಿಗೆ ಹಗ್ಗ ಕಟ್ಟಿ ಇಳಿಸಿ. ಪೆಟ್ಟಾದ ಕಡೆ ಬೇಗ ಕೊಳೆಯುತ್ತದೆ.

ಚೆನ್ನಾಗಿ ಬೆಳೆದ ಕಾಯಿಯನ್ನು ನೆರಳಿನಲ್ಲಿಟ್ಟರೆ ಸುಮಾರು ಒಂದು ವಾರದೊಳಗೆ ಹಣ್ಣಾಗುತ್ತದೆ. ಘಮ ಬಂದು, ಹೆಬ್ಬೆರಳಿಗೆ ಸ್ವಲ್ಪ ಮೆತ್ತಗಾದರೆ ಕೊಯ್ಯಬಹುದು. ಕೊಳ್ಳುವವರೂ ಹೀಗೆಯೇ ನೋಡಿ; ಕಪ್ಪು ಕಲೆಯಾಗಿ ನೀರು ಒಸರುವುದನ್ನು ಬಿಡಿ. ಮಳೆ ಜೋರಾಗಿ ಹಿಡಿದ ಮೇಲಿನ ಹಣ್ಣು ಸಾಮಾನ್ಯವಾಗಿ ಸಪ್ಪೆ.

ಇನ್ನು ಬಿಡಿಸುವುದು. ಹಳೆಯ ಗೋಣಿಚೀಲ ಹಾಸಿ, ಮಕ್ಕಳನ್ನು ಆಚೆ ಕೂರಿಸಿ. ಚಾಕುವಿನ ಅಲಗಿಗೂ, ಹಣ್ಣು ಹಿಡಿಯುವ ಕೈಗೂ ಕೊಬ್ಬರಿ ಎಣ್ಣೆ ಸವರಿ. ಹಿಡಿಗೆ ಮಾತ್ರ ಎಣ್ಣೆ ಬೇಡ. ನಾನು ಬೆರಳು ಕೊಯ್ದುಕೊಂಡದ್ದು ಅದರಿಂದಲೇ. ಹಣ್ಣನ್ನು ಅಲುಗದಂತೆ ಮಲಗಿಸಿ, ತೊಟ್ಟಿನಿಂದ ತುದಿಗೆ ಉದ್ದಕ್ಕೆ ಸೀಳಿ. ಒಸರುವ ಮೇಣವನ್ನು ತೆಂಗಿನ ನಾರಿನಿಂದಲೋ ಕಾಗದದಿಂದಲೋ ಒರೆಸಿ, ನೀರು ಹಾಕಬೇಡಿ. ಹೋಳು ಮಾಡಿ ನಡುವಿನ ದಿಂಡನ್ನು ಕೊಯ್ದು ತೆಗೆದರೆ ಮುಕ್ಕಾಲು ಮೇಣ ಅಲ್ಲಿಗೇ ಹೋಯಿತು. ಆಮೇಲೆ ಹೋಳನ್ನು ಹಿಂದಕ್ಕೆ ಬಗ್ಗಿಸಿದರೆ ತೊಳೆಗಳು ತಾವೇ ಎದ್ದು ಬರುತ್ತವೆ. ಇದು ಗಟ್ಟಿ ತೊಳೆಯ ಬಕ್ಕೆ ಹಣ್ಣಿನ ಕ್ರಮ. ಮೆತ್ತನೆಯ ಅಂಬಲಿ ಹಣ್ಣನ್ನು ಕೈಯಲ್ಲೇ ಬಿಡಿಸಬಹುದು. ಕೈಗೆ ಅಂಟಿದ ಮೇಣಕ್ಕೆ ಮೊದಲು ಎಣ್ಣೆ ಉಜ್ಜಿ, ಆಮೇಲೆ ಸೋಪು ಹಾಕಿ.

ಇದರಲ್ಲಿ ಎಸೆಯುವುದು ಕಡಿಮೆ. ಎಳೆಗಾಯಿ ಪಲ್ಯಕ್ಕೆ, ಹುಳಿಗೆ. ಬೀಜ ಸುಟ್ಟು ತಿನ್ನುವುದಕ್ಕೆ, ಸಾರಿಗೆ. ಸಿಪ್ಪೆ ಹೆಚ್ಚಿ ದನಕ್ಕೆ. ಸಕ್ಕರೆ ಕಾಯಿಲೆಯವರು ಹಣ್ಣನ್ನು ಮಿತವಾಗಿ ತಿನ್ನಲಿ.

ಒಂದು ಮಾತು. ಸಿಹಿ ಹಣ್ಣಿನ ಬೀಜ ನೆಟ್ಟರೆ ಹುಟ್ಟುವ ಮರವೂ ಅಷ್ಟೇ ಸಿಹಿಯೆಂದು ಹೇಳಲಾಗದು. ಹಿಡಿಸಿದ ಮರದಿಂದ ಕಸಿ ಕಟ್ಟಿಸಿ. ತುಮಕೂರು ಜಿಲ್ಲೆಯ ರೈತರೊಬ್ಬರ ಮರದ ಕೆಂಪು ತೊಳೆಯ 'ಸಿದ್ದು' ಹಲಸು ಹೀಗೆ ಕಸಿಯಿಂದಲೇ ಊರೂರಿಗೆ ಹಬ್ಬಿತು. ನಿಮ್ಮ ಹಿತ್ತಲಿನಲ್ಲೂ ಅಂಥದೊಂದು ಇರಬಹುದು. ಈ ಸಲ ಕೊಯ್ಯುವಾಗ ಯಾವ ಮರದ ಹಣ್ಣು ಹೇಗಿತ್ತೆಂದು ಗುರುತು ಹಾಕಿಕೊಳ್ಳಿ.

ಹಸಿದು ಹಲಸು, ಉಂಡು ಮಾವು ಎಂಬ ಗಾದೆ ನಿಮಗೆ ಗೊತ್ತೇ ಇದೆ.