ಬಾಳೆಹಣ್ಣು ಮತ್ತು ರಸಬಾಳೆ



ಇದೇ ಶಾಲೆಯಲ್ಲಿ ಕನ್ನಡ ಮೇಷ್ಟ್ರು ರೂಢನಾಮ, ಅಂಕಿತನಾಮ ಪಾಠ ಮಾಡಿದ್ದರು. ನಂಜನಗೂಡಿನಲ್ಲಿ ಹರಿಯುವುದೂ ನದಿ, ತಿ. ನರಸೀಪುರದಲ್ಲಿ ಅದು ಹೋಗಿ ಸೇರುವುದೂ ನದಿ. ಆದರೆ ಒಂದು ಕಪಿಲೆ, ಇನ್ನೊಂದು ಕಾವೇರಿ ಎಂದು ಹೇಳಿಕೊಟ್ಟರು. ನಾನು ಪರೀಕ್ಷೆಗೆ ಬರೆದು ಮರೆತೆ.

ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದೆ. ಒಮ್ಮೆ ರೈತರು ಹಣ್ಣು, ತರಕಾರಿ ಮಾರುವ ಆ್ಯಪ್‌ಗೆ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಸುಲಭವಾಗಲಿ ಎಂದು ‘ಬಾಳೆಹಣ್ಣು’ ಎಂದು ಒಂದೇ ಹೆಸರಿಟ್ಟೆ. ನಂಜನಗೂಡು ಕಡೆಯ ರೈತರೊಬ್ಬರು ಫೋನ್ ಮಾಡಿದರು: “ಸ್ವಾಮಿ, ನಮ್ದು ರಸಬಾಳೆ. ನಿಮ್ ಪಟ್ಟೀಲಿ ಅದೂ ಪಚ್ಚಬಾಳೆ ರೇಟ್ಗೇ ಹೋಯ್ತದ. ಇನ್ನ ಯಾಕ್ ಬೆಳೀಬೇಕು?”

ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ತಾತನ ತೋಟದಲ್ಲೂ ರಸಬಾಳೆ ಇತ್ತು. ತೆಳು ಸಿಪ್ಪೆ, ಮೆದು ತಿರುಳು, ಮನೆಯೆಲ್ಲ ಘಮ. ಪನಾಮ ಸೊರಗು ರೋಗ ಬಂದು ಎಲೆ ಹಳದಿಯಾಗಿ ಗಿಡಗಳು ಒಣಗಿದವು. ಆ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ. ತಾತ ಬೇರೆ ಬೆಳೆಗೆ ಹೋದರು. ಹೀಗೆ ಅನೇಕರು ಕೈಬಿಟ್ಟರು. ಒಮ್ಮೆ ಬೆಂಗಳೂರಿನಿಂದ ‘ರಸಬಾಳೆ’ ಎಂದು ಕೊಂಡು ತಂದ ಹಣ್ಣನ್ನು ಅಜ್ಜಿ ಸುಲಿದು ತಿಂದು, “ಇದೂ ಬಾಳೆಹಣ್ಣೇ ಕನ ಮಗ, ರಸಬಾಳೆ ಅಲ್ಲ” ಎಂದಿದ್ದರು.

ರಸಬಾಳೆಯೆಲ್ಲ ಬಾಳೆಹಣ್ಣೇ, ಬಾಳೆಹಣ್ಣೆಲ್ಲ ರಸಬಾಳೆಯಲ್ಲ. ಕಾನೂನು ಇನ್ನೂ ಒಂದು ಮೆಟ್ಟಿಲು ಇಳಿಯುತ್ತದೆ. 1999ರ ಭೌಗೋಳಿಕ ಸೂಚಕ ಕಾಯ್ದೆಯಡಿ ‘ನಂಜನಗೂಡು ಬಾಳೆ’ ನೋಂದಣಿಯಾಗಿದೆ. ಅದೇ ಕಂದನ್ನು ದೂರದೂರಿನಲ್ಲಿ ನೆಟ್ಟರೆ ಬರುವ ಹಣ್ಣಿಗೆ ಆ ಹೆಸರು ಹಾಕಿ ಮಾರುವಂತಿಲ್ಲ. ಆದರೆ ಅಂಗಡಿಯಲ್ಲಿ, ಪಟ್ಟಿಯಲ್ಲಿ ಆ ಹೆಸರನ್ನು ನಾವೇ ಬರೆಯದಿದ್ದರೆ ಕಾಯ್ದೆ ಏನು ಮಾಡೀತು?

ಮರುವಾರ ಪಟ್ಟಿ ತಿದ್ದಿದೆ. ಏಲಕ್ಕಿ, ಪಚ್ಚಬಾಳೆ, ರಸಬಾಳೆಗೆ ಬೇರೆ ಬೇರೆ ಸಾಲು, ಬೇರೆ ಬೇರೆ ಬೆಲೆ. ಆ ರೈತರಿಗೆ ನಾನೇ ಫೋನ್ ಮಾಡಿ ತಿಳಿಸಿದೆ. ರೋಗಕ್ಕೆ ನನ್ನಲ್ಲಿ ಮದ್ದಿಲ್ಲ. ಹೆಸರನ್ನು ಅಳಿಸಿದ್ದು ಮಾತ್ರ ನಾನೇ, ಅದನ್ನು ಸರಿಮಾಡಬಹುದಿತ್ತು.

ಮಕ್ಕಳೇ, ಮನೆಯ ಹಿರಿಯರನ್ನು ಕೇಳಿ. ಭತ್ತ ಎಂದರೆ ‘ಯಾವ ಭತ್ತ?’, ಬಾಳೆ ಎಂದರೆ ‘ಯಾವ ಬಾಳೆ?’ ಎನ್ನಿ. ಹೇಳಿದ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೇಷ್ಟ್ರೇ, ಆ ಪಾಠ ತಡವಾಗಿ ಅರ್ಥವಾಯಿತು. ಕ್ಷಮಿಸಿ.