ವಿಮಾನ ಹಾರಿದ ಮೇಲೆ ಉಳಿಯುವವರು



ವಾಯುಸೇನೆಯ ಮನೆಯ ಅನುಭವ ಹೇಳಿ ಎಂದು ಗೆಳತಿಯರು ಕೇಳಿದಾಗ ನನ್ನ ಬಾಯಿಂದ ಮೊದಲು ಬಂದ ಮಾತು, “ನಮ್ಮವರು ಪೈಲಟ್ ಅಲ್ಲರೀ.” ಆಮೇಲೆ ನನಗೇ ನಾಚಿಕೆಯಾಯಿತು.

ನಮ್ಮವರು ಇಂಜಿನ್ ಫಿಟ್ಟರ್. ಬೆಳಗಾವಿಯ ಸಾಂಬ್ರಾದಲ್ಲಿ ಮೊದಲ ತರಬೇತಿ. ಮದುವೆಯಾಗಿ ನಾನು ಗದಗಿನಿಂದ ಚಂಡೀಗಢಕ್ಕೆ ಹೋದಾಗ ಅವರಿಗೆ ಎಎನ್-32 ವಿಮಾನದ ಕೆಲಸ, ಆಗಾಗ ಲೇಹ್‌ನಲ್ಲಿ ಡ್ಯೂಟಿ. ಹತ್ತು ಸಾವಿರ ಅಡಿಗೂ ಎತ್ತರದ ಆ ಜಾಗದಲ್ಲಿ 1948ರ ಮೇ ತಿಂಗಳಲ್ಲಿ ಏರ್ ಕಮಡೋರ್ ಮೆಹರ್ ಸಿಂಗ್ ಮೊದಲ ಬಾರಿಗೆ ಡಕೋಟಾ ವಿಮಾನ ಇಳಿಸಿದರು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರೂ ಅದರಲ್ಲಿದ್ದರು. ಇದು ಪುಸ್ತಕದಲ್ಲಿದೆ. ಇಳಿದ ವಿಮಾನವನ್ನು ದಿನವೂ ಮತ್ತೆ ಹಾರಲು ಸಜ್ಜು ಮಾಡುವವರ ವಿಷಯ ನನಗೆ ಗೊತ್ತಾದದ್ದು ಅಡುಗೆಮನೆಯ ಮಾತಿನಲ್ಲಿ.

ಚಳಿಗಾಲದಲ್ಲಿ ಹಿಮ ಬಿದ್ದು ರಸ್ತೆ ಮುಚ್ಚಿದರೆ ತರಕಾರಿ, ಔಷಧಿ, ಟಪಾಲು, ರಜೆಗೆ ಹೋಗುವ ಜವಾನರು, ಎಲ್ಲಕ್ಕೂ ವಿಮಾನವೇ ಗತಿ. ಮಧ್ಯಾಹ್ನದ ಹೊತ್ತಿಗೆ ಕಣಿವೆಯಲ್ಲಿ ಗಾಳಿ ಏಳುತ್ತದೆ. ಅಷ್ಟರೊಳಗೆ ವಿಮಾನಗಳು ಬಂದು ಹೋಗಬೇಕು. ಹಾಗಾಗಿ ಇವರು ಕತ್ತಲಲ್ಲೇ ಏಳಬೇಕು. ಗ್ಲೌಸ್ ಹಾಕಿಕೊಂಡರೆ ಸಣ್ಣ ನಟ್ಟು ಕೈಗೆ ಸಿಗದು, ತೆಗೆದರೆ ಚರ್ಮ ಲೋಹಕ್ಕೆ ಅಂಟುತ್ತದೆ. ಆ ತೆಳು ಗಾಳಿಯಲ್ಲಿ ಇಂಜಿನ್ ಮತ್ತೆ ಚಾಲೂ ಆಗುವುದು ಕಷ್ಟವೆಂದು ಎಷ್ಟೋ ಸಲ ಅದನ್ನು ನಿಲ್ಲಿಸದೆಯೇ ಸಾಮಾನು ಇಳಿಸುತ್ತಿದ್ದರಂತೆ. ಆ ಸದ್ದಿನಲ್ಲಿ ಮಾತು ನಡೆಯದು, ಬರೀ ಕೈಸನ್ನೆ.

1991ರ ಜನವರಿಯಲ್ಲಿ ತವರಿನಲ್ಲಿ ನನಗೆ ಹೆರಿಗೆಯಾಯಿತು. ಮಗಳನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆ ಬರುತ್ತೇನೆಂದು ಇವರು ಬರೆದಿದ್ದರು. ರಜೆಯೂ ಸಿಕ್ಕಿತ್ತು. ಮೋಡ ಕವಿದು ನಾಲ್ಕು ದಿನ ಲೇಹ್‌ಗೆ ವಿಮಾನವೇ ಬರಲಿಲ್ಲ. ಐದನೇ ದಿನ ಬಂತು, ಇವರಿಗೆ ಜಾಗವೂ ಇತ್ತು. ಹೊರಡುವ ಮುಂಚೆ ಇಂಜಿನ್ನಿನಲ್ಲಿ ಎಣ್ಣೆ ಸೋರುವುದು ಕಂಡದ್ದು ಇವರ ಕಣ್ಣಿಗೇ. ಹೇಳಿದರು. ವಿಮಾನ ನಿಂತಿತು. ಟ್ರಂಕು ಕೆಳಗಿಟ್ಟು ರಿಪೇರಿಗೂ ಇವರೇ ಇಳಿದರು. ಅದು ಮುಗಿಯುವಷ್ಟರಲ್ಲಿ ಮತ್ತೆ ಮೋಡ.

ಇಲ್ಲಿ ತೊಟ್ಟಿಲ ಸುತ್ತ ನೆರೆದವರೆಲ್ಲ “ಅಳಿಯಂದಿರು ಎಲ್ಲಿ?” ಎಂದು ಕೇಳುವವರೇ. ಒಂದು ವಾರ ತಡವಾಗಿ ಬಂದವರ ಜೊತೆ ನಾನು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಕೇಳಿಯೇ ಬಿಟ್ಟೆ: “ಬ್ಯಾರೆ ಯಾರರೆ ನೋಡ್ತಿದ್ರು. ನೀವ ಯಾಕ ಹೇಳಬೇಕಿತ್ತು?”

ಮಗಳ ಮುಖ ನೋಡುತ್ತಲೇ ಅಂದರು: “ಅದರಾಗ ನಲವತ್ತು ಮಂದಿ ಮನಿಗೆ ಹೊಂಟಿದ್ರು.”

ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಈಗ ಅವರಿಗೆ ಎಡಗಿವಿ ಅಷ್ಟಾಗಿ ಕೇಳಿಸುವುದಿಲ್ಲ. ನಾನು ಕೂಗಿ ಮಾತಾಡುವುದನ್ನು ಕೇಳಿ ನಮ್ಮ ಸೊಸೈಟಿಯವರು ದಿನಾ ಜಗಳ ಅಂದುಕೊಂಡಿದ್ದಾರೆ. ಇಂದು ಅವರು ಇಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ನಾನು ಹೇಳಿದ್ದರಲ್ಲಿ ಅರ್ಧ ಕೇಳಿಸಿರಲಿಕ್ಕಿಲ್ಲ. ಅದಕ್ಕೇ ಮೈಕಿನಲ್ಲಿ ಗಟ್ಟಿಯಾಗಿ ಹೇಳುತ್ತೇನೆ: ನಮ್ಮವರು ಇಂಜಿನ್ ಫಿಟ್ಟರ್.